ತಳ್ಳಿಕೊಂಡು ಬಂದ ಸೈಕಲ್

ಮೊನ್ನೆ ಹೊಸದಾಗಿ ಸಿ.ಆರ್.ಪಿ. ಆದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ‘ಮೇಡಂ, ಮನೆಯಿಂದ ಶಾಲೆ ಕೂಗಳತೆಯಲ್ಲಿದೆ, ಆದರೂ ಮಗು ಬರುತ್ತಿಲ್ಲ. ಕಾರಣದ ಕಾಲಂನಲ್ಲಿ ಏನು ಹಾಕಲಿ?’ ಎಂದು ಕೇಳಿದಳು. ನಿವೃತ್ತಿಯಾದರೂ ಈ ಕಾಲಂ ನನ್ನ ಬೆನ್ನು ಬಿಡಲಿಲ್ಲವಲ್ಲ ಎಂದು ನಗು ಬಂತು. ‘ನಂಗೂ ಗೊತ್ತಿಲ್ಲ ಮಾರಾಯ್ತಿ’ ಎಂದೆ. ಅವಳಿಗೆ ಬೇಜಾರಾಗಿರಬೇಕು, ಫೋನ್ ಬೇಗ ಇಟ್ಟಳು. ಅಷ್ಟು ವರ್ಷ ಅದೇ ಕೆಲಸ ಮಾಡಿದವಳು ಗೊತ್ತಿಲ್ಲ ಎಂದರೆ ಯಾರಿಗಾದರೂ ಬೇಜಾರೇ. ಆದರೆ ನಾನು ಹೇಳಿದ್ದು ಸತ್ಯ. ಅದು ಎಷ್ಟು ಸತ್ಯ ಎಂದು ಅವಳಿಗೂ, ಅವಳಂಥ ಉಳಿದವರಿಗೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸಿ.ಆರ್.ಪಿ. ಎಂದರೆ ಸುತ್ತಲಿನ ಹತ್ತು ಹನ್ನೆರಡು ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಕಿ. ಪಾಠ ಹೇಗೆ ನಡೆಯುತ್ತಿದೆ ಎಂದು ನೋಡಬೇಕು, ಯಾವ ಮಗು ಬರುತ್ತಿಲ್ಲ, ಯಾಕೆ ಬರುತ್ತಿಲ್ಲ ಎಂದು ಪಟ್ಟಿ ಮಾಡಿ ಮೇಲೆ ಕಳಿಸಬೇಕು. ಕುಮಟಾದಲ್ಲಿ, ಆಮೇಲೆ ಭಟ್ಕಳದಲ್ಲಿ ಮಕ್ಕಳಿಗೆ ಕಲಿಸಿ, ಕೊನೆಗೆ ಹೊನ್ನಾವರ ತಾಲೂಕಿನ ಒಂದು ಕಡೆ ಈ ಕೆಲಸಕ್ಕೆ ಬಂದೆ. ಗಂಡನ ನೌಕರಿ ಭಟ್ಕಳದಲ್ಲಿದ್ದುದರಿಂದ ಮನೆ ಅಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಹೈವೇ ಪಕ್ಕದಲ್ಲಿ ಇಳಿಯುತ್ತಿದ್ದೆ. ಬಡ್ತಿ, ಸನ್ಮಾನಗಳ ಸುದ್ದಿ ಬೇಡ, ಒಬ್ಬ ಹುಡುಗಿಯ ಸುದ್ದಿ ಹೇಳುತ್ತೇನೆ. ಹೆಸರು ಅಕ್ಷತಾ. ಅಪ್ಪ ಮೀನಿನ ಬೋಟಿಗೆ ಹೋಗುವವ, ತಿಂಗಳುಗಟ್ಟಲೆ ಮನೆಯಲ್ಲಿ ಇರುತ್ತಿರಲಿಲ್ಲ. ತಾಯಿ ಸಾವಿತ್ರಿ ಕೂಲಿ ಕೆಲಸದವಳು. ಆ ಮನೆಯಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬೇಕಾಗಿದ್ದ ಮೊದಲ ಮಗು ಅವಳು. ಅಂಥ ಹುಡುಗಿ ಶಾಲೆ ಬಿಡುವ ಹಾಗೆ ಮಾಡಿದವಳು ನಾನು. ಅದೂ ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಉಮೇದಿನಲ್ಲಿ.

ಆಗ ಎಂಟನೇ ತರಗತಿಯ ಮಕ್ಕಳಿಗೆಲ್ಲ ಸರಕಾರದಿಂದ ಸೈಕಲ್ ಸಿಗುತ್ತಿತ್ತು. ಸೈಕಲ್ ಕೊಟ್ಟ ಮೇಲೆ ಮಕ್ಕಳು ಅದನ್ನು ಬಳಸುತ್ತಾರೋ ಇಲ್ಲವೋ ಎಂದು ನೋಡುವುದೂ ನನ್ನ ಪಾಲಿಗೆ ಬಂತು. ಒಂದು ದಿನ ಬಸ್ಸಿಳಿದು ನಿಂತಿದ್ದೆ. ಸಮುದ್ರದ ಕಡೆಯ ಕೇರಿಯಿಂದ ಬರುವ ಮಣ್ಣಿನ ದಾರಿಯಲ್ಲಿ ಒಬ್ಬಳು ಹುಡುಗಿ ಹೊಸ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದಳು. ಅವಳೇ ಅಕ್ಷತಾ. ಹ್ಯಾಂಡಲ್ಲಿಗೆ ಎರಡು ಚೀಲ, ಹಿಂದಿನ ಕ್ಯಾರಿಯರ್ ಮೇಲೆ ಎರಡು ಚೀಲ, ಬುಟ್ಟಿಯಲ್ಲಿ ಎರಡು ನೀರಿನ ಬಾಟಲಿ. ಹಿಂದೆ ಪ್ರಾಥಮಿಕ ಶಾಲೆಯ ಆರು ಮಕ್ಕಳು ಕೈ ಬೀಸಿಕೊಂಡು ಬರುತ್ತಿದ್ದರು. ಮರುದಿನವೂ ಹಾಗೇ. ವಾರ ಕಳೆದರೂ ಅವಳು ಸೈಕಲ್ ಹತ್ತಿದ್ದನ್ನು ನಾನು ನೋಡಲಿಲ್ಲ. ಪ್ರಾಥಮಿಕ ಶಾಲೆಯೂ ಹೈಸ್ಕೂಲೂ ಹೈವೇಯ ಆಚೆಗಿದ್ದವು. ಆರು ಮಕ್ಕಳನ್ನು ದಾಟಿಸಿ, ಅವರ ಶಾಲೆಗೆ ಬಿಟ್ಟು, ಅವಳು ಹೈಸ್ಕೂಲು ಮುಟ್ಟುವಾಗ ಪ್ರಾರ್ಥನೆ ಮುಗಿದಿರುತ್ತಿತ್ತು.

ಇವಳಿಗೆ ಸೈಕಲ್ ಬರುವುದಿಲ್ಲ ಎಂದು ತೀರ್ಮಾನಿಸಿದೆ. ನನಗೆ ತೀರ್ಮಾನ ಬಹಳ ಬೇಗ ಬರುತ್ತದೆ, ಬುದ್ಧಿ ಬರುವುದು ತಡ. ಶನಿವಾರ ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ ಸೈಕಲ್ ಕಲಿಸುವ ಕಾರ್ಯಕ್ರಮ ಇಟ್ಟೆ. ದೈಹಿಕ ಶಿಕ್ಷಕರನ್ನು ಗೋಗರೆದು ನಿಲ್ಲಿಸಿಕೊಂಡೆ. ಅಕ್ಷತಾ ಬಂದಳು, ಲಂಗ ಸಿಕ್ಕಿಸಿದಳು, ಮೈದಾನಕ್ಕೆ ಮೂರು ಸುತ್ತು ಹಾಕಿದಳು, ಮೂರನೆಯ ಸುತ್ತಿನಲ್ಲಿ ಎರಡೂ ಕೈ ಬಿಟ್ಟು ತೋರಿಸಿದಳು. ದೈಹಿಕ ಶಿಕ್ಷಕರು ನನ್ನ ಮುಖ ನೋಡಿದರು. ಉಳಿದ ಹುಡುಗಿಯರಿಗೆ ಕಲಿಸುವ ಕೆಲಸವನ್ನು ಅವಳಿಗೇ ವಹಿಸಿ ಅವರು ಮನೆಗೆ ಹೋದರು. ಸೋಮವಾರ ನೋಡಿದರೆ ಅವಳು ಮತ್ತೆ ಸೈಕಲ್ ತಳ್ಳಿಕೊಂಡೇ ಬರುತ್ತಿದ್ದಾಳೆ.

ಹಾಗಾದರೆ ಹುಡುಗರು ಗೋಳು ಹೊಯ್ದುಕೊಳ್ಳುತ್ತಿರಬೇಕು ಎಂದುಕೊಂಡೆ. ದಾರಿಯ ಮೋರಿಕಟ್ಟೆಯ ಮೇಲೆ ನಾಲ್ಕು ಜನ ಹುಡುಗರು ದಿನಾ ಕೂತಿರುತ್ತಿದ್ದರು. ಅಲ್ಲಿಗೆ ಹೋಗಿ ಅವರ ಗ್ರಹಚಾರ ಬಿಡಿಸಿದೆ. ಅವರು ಕಣ್ಣು ಕಣ್ಣು ಬಿಟ್ಟರು. ‘ನಾವ್ ಎಂತ ಮಾಡಿದ್ವು ಅಕ್ಕೋರೆ? ಅವ್ಳ ಟೈರಿಗೆ ಗಾಳಿ ಹಾಕ್ಕೊಡುದೇ ನಾವು’ ಎಂದು ಒಬ್ಬ ಪಂಪ್ ಎತ್ತಿ ತೋರಿಸಿದ. ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ. ಹುಡುಗರ ಪಂಪ್ ನೋಡಿ ಅಕ್ಕೋರಿಗೆ ಎಲ್ಲಿ ಮುಖ ಇಡುವುದು ತಿಳಿಯಲಿಲ್ಲ.

ಇಲ್ಲಿ ಒಂದು ಹಳೆಯ ಪೆದ್ದುತನ ಹೇಳಲೇಬೇಕು, ಇಲ್ಲದಿದ್ದರೆ ನಾನು ಎಂಥವಳು ಎಂದು ನಿಮಗೆ ತಿಳಿಯುವುದಿಲ್ಲ. ಕುಮಟಾದಲ್ಲಿ ಇದ್ದಾಗ ಶಾಲೆಯ ಹತ್ತಿರವೇ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದೆ. ಆ ಓಣಿಯಲ್ಲಿ ಬಂದರೆ ಮಕ್ಕಳಿಗೆ ಶಾಲೆ ಐದು ನಿಮಿಷದ ದಾರಿ. ಆದರೆ ಒಂದು ಮಗುವೂ ಅಲ್ಲಿ ಬರುತ್ತಿರಲಿಲ್ಲ. ಎಲ್ಲರೂ ಗದ್ದೆಯ ಅಂಚು ಹಿಡಿದು ಸುತ್ತು ಬಳಸಿ, ಮಳೆಗಾಲದಲ್ಲಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬರುತ್ತಿದ್ದರು. ಓಣಿಯಲ್ಲಿ ನಾಯಿಗಳ ಕಾಟ ಎಂದು ನಾನು ಅರ್ಜಿ ಬರೆದೆ, ಊರವರ ಸಹಿ ಹಾಕಿಸಿದೆ, ನಾಯಿ ಹಿಡಿಯುವವರನ್ನು ಕರೆಸಿದೆ. ನಾಯಿ ಹೋದವು, ಮಕ್ಕಳು ಬರಲಿಲ್ಲ. ಕೊನೆಗೆ ಮೂರನೇ ತರಗತಿಯ ಒಬ್ಬಳು ಬಾಯಿ ಬಿಟ್ಟಳು. ‘ಆ ಓಣಿಲಿ ನಿಮ್ಮ ಮನೆ ಇದ್ಯಲ್ರಾ ಅಕ್ಕೋರೆ. ನೀವು ಜಗಲಿ ಮೇಲೆ ನಿಂತ್ಕಂಡು ಮಗ್ಗಿ ಕೇಳ್ತ್ರಿ’ ಎಂದಳು. ನಾಯಿಗಳ ಶಾಪ ನನಗೆ ತಟ್ಟಿರಬೇಕು. ಆ ಓಣಿಯಲ್ಲಿ ಮಕ್ಕಳು ಓಡಾಡಲು ಶುರು ಮಾಡಿದ್ದು ನನಗೆ ವರ್ಗವಾದ ಮೇಲೆ.

ಇಷ್ಟೆಲ್ಲ ಆಗಿಯೂ ಅಕ್ಷತಾಳನ್ನೇ ನೇರವಾಗಿ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಮನೆಯವರು ಬೇಡ ಎಂದಿರಬೇಕು, ಹುಡುಗಿ ಸೈಕಲ್ ಹತ್ತಿದರೆ ಜನ ಏನಾದರೂ ಅನ್ನುತ್ತಾರೆಂಬ ಹೆದರಿಕೆ ಇರಬೇಕು ಎಂದು ಸಾವಿತ್ರಿಯ ಮನೆಗೆ ಹೋದೆ. ಹೀಗೆ ಯೋಚಿಸಲು ಭಟ್ಕಳದ ಒಂದು ಅನುಭವ ಕಾರಣವಾಗಿತ್ತು. ಅಲ್ಲಿ ಶಾಲೆಯ ಗೇಟಿನಿಂದ ಕಾಣುವಷ್ಟು ಹತ್ತಿರದ ಮನೆಯಿಂದ ಒಬ್ಬ ಹುಡುಗ ದಿನಾ ಆಟೋದಲ್ಲಿ ಬಂದು ಇಳಿಯುತ್ತಿದ್ದ. ನಾನು ಮನೆಗೆ ಹೋಗಿ, ಮಕ್ಕಳು ನಡೆಯಬೇಕು, ಆರೋಗ್ಯಕ್ಕೆ ಒಳ್ಳೆಯದು ಎಂದು ಉಪದೇಶ ಮಾಡಿದೆ. ತಾಯಿ ಮಾತಾಡದೆ ದುಬೈಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ಹುಡುಗನ ತಂದೆ ತುಂಬ ಮರ್ಯಾದೆಯಿಂದ ಮಾತಾಡಿದರು. ‘ಟೀಚರ್, ನಾನು ಅದೇ ಶಾಲೆಗೆ ಬರಿಗಾಲಲ್ಲಿ ನಡ್ಕೊಂಡು ಹೋಗ್ತಿದ್ದೆ. ನನ್ನ ಮಗ ನಡೆಯೂದು ಬೇಡ ಅಂತಲೇ ನಾನು ಇಲ್ಲಿ ಬಂದು ಕೂತಿದ್ದು’ ಎಂದರು. ನಾನು ಫೋನನ್ನು ತಾಯಿಗೆ ವಾಪಸ್ ಕೊಟ್ಟು, ಅವರು ತಂದಿಟ್ಟ ಶರಬತ್ತು ಕುಡಿದು ಬಂದೆ. ಅಂದಿನಿಂದ, ಮಗು ನಡೆಯುವುದು ಬಿಡುವುದು ದೂರ ಇರುವ ಅಪ್ಪಂದಿರ ಕೈಯಲ್ಲಿದೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು.

ಸಾವಿತ್ರಿಯ ಮನೆ ಕೇರಿಯ ಕಟ್ಟಕಡೆಯಲ್ಲಿತ್ತು. ಅಲ್ಲಿಂದಾಚೆಗೆ ಗಾಳಿಮರ, ಮರಳು, ಸಮುದ್ರ. ನಾನು ಜಗಲಿಯಲ್ಲಿ ಕೂತು ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಒಂದು ಭಾಷಣ ಮಾಡಿದೆ. ಅವಳು ಅಂಗಳ ಗುಡಿಸುತ್ತಿದ್ದ ಹಿಡಿಸೂಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪೂರ್ತಿ ಕೇಳಿದಳು. ಆಮೇಲೆ, ‘ಸೈಕಲ್ ಹತ್ಬೇಡ ಅಂತ ಯಾರು ಹೇಳಿರು ಅಕ್ಕೋರೆ? ಸಂಜಿಗೆ ಶಾಲೆಯಿಂದ ಬಂದಳು ಅಂದ್ರೆ ಸೈಕಲ್ ಬಿಟ್ಟು ಇಳಿಯುದೇ ಇಲ್ಲ’ ಎಂದಳು. ‘ಮತ್ತೆ ಬೆಳಿಗ್ಗೆ ಯಾಕೆ ತಳ್ಳುತ್ತಾಳೆ?’ ಎಂದೆ. ಸಾವಿತ್ರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಹತ್ಕಂಡು ಹೋದ್ರೆ ಮಕ್ಕಳು?’ ಎಂದಳು.

ಆ ಕೇರಿಯ ಪದ್ಧತಿ ನನಗೆ ತಿಳಿದದ್ದು ಆಗಲೇ. ಕಡೆಯ ಮನೆಯಲ್ಲಿ ಶಾಲೆಗೆ ಹೋಗುವ ಮಗು ಯಾರಿದ್ದಾರೋ, ದಾರಿಯ ಎಲ್ಲ ಮಕ್ಕಳೂ ಅವರ ಸುಪರ್ದಿಗೆ. ಕಡೆಯ ಮನೆಯವಳು ಹೊರಟು ಮೊದಲನೆಯ ಬೇಲಿಯ ಹತ್ತಿರ ‘ಕೂ’ ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆ ಮುಂದಿನ ಮನೆಗಳಲ್ಲಿ ತಲೆ ಬಾಚುವುದು, ದೋಸೆಯನ್ನು ಸುರುಳಿ ಮಾಡಿ ಕೈಗೆ ಕೊಡುವುದು. ಯಾರೂ ಗಡಿಯಾರ ನೋಡುವುದಿಲ್ಲ. ಮನೆಯಿಂದ ಮನೆಗೆ ಗುಂಪು ಬೆಳೆಯುತ್ತ ಹೈವೇ ಮುಟ್ಟುತ್ತದೆ. ಸಾವಿತ್ರಿ ಅದೇ ಕೇರಿಯ ಮಧ್ಯದ ಮನೆಯ ಮಗಳು, ಅವಳನ್ನು ಯಾರೋ ಹಾಗೆ ಕರೆದುಕೊಂಡು ಹೋಗಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಯಾವ ಪಟ್ಟಿಯಲ್ಲೂ ಬರೆದದ್ದಲ್ಲ. ಅಕ್ಷತಾಳಿಗೆ ಸೈಕಲ್ ಸಿಕ್ಕಿತು, ಮಕ್ಕಳು ಮಾತ್ರ ನಡೆಯುವವರೇ. ಅದಕ್ಕೇ ಅವಳೂ ನಡೆಯುತ್ತಿದ್ದಳು.

ಇಷ್ಟು ತಿಳಿದ ಮೇಲೆ ನಾನು ಸುಮ್ಮನೆ ಮನೆಗೆ ಹೋಗಬೇಕಿತ್ತು. ಅವಳು ಹತ್ತನೆಯ ತರಗತಿಗೆ ಬರುವವರೆಗೆ ಸುಮ್ಮನಿದ್ದೆ ಕೂಡ. ಆದರೆ ಆ ವರ್ಷ ಹೈಸ್ಕೂಲಿನ ಹೆಡ್‌ಮಾಸ್ತರರು ಅವಳು ತಡವಾಗಿ ಬರುವ ಬಗ್ಗೆ ದೂರು ಹೇಳಿದರು. ಅವಳು ಓದಿನಲ್ಲಿ ಹಿಂದೆ, ಗಣಿತದಲ್ಲಿ ತೀರಾ ಹಿಂದೆ, ಹತ್ತನೆಯ ತರಗತಿಗೆ ಬಂದಾಯಿತು, ಬೆಳಗಿನ ವಿಶೇಷ ತರಗತಿ ಅವಳಿಗೆ ತಪ್ಪುತ್ತಿದೆ ಎಂದರು. ನನಗೂ ಹೌದೆನಿಸಿತು. ಊರವರ ಮಕ್ಕಳನ್ನು ಹೊರುವ ಭಾರ ಈ ಹುಡುಗಿಗೆ ಯಾಕೆ? ಕೇರಿಯ ತಾಯಂದಿರ ಸಭೆ ಕರೆದೆ. ಸಣ್ಣ ಮಕ್ಕಳನ್ನು ಶಾಲೆಗೆ ಬಿಡಲು ಒಬ್ಬ ಆಟೋದವನನ್ನು ಒಪ್ಪಿಸಿದೆ. ಮಕ್ಕಳಿಗೆ ಕುಣಿದಾಡುವಷ್ಟು ಖುಷಿ. ತಾಯಂದಿರಿಗೂ ಹೈವೇ ಭಯ ತಪ್ಪಿತು. ಚಾಪೆಯ ತುದಿಯಲ್ಲಿ ಅಕ್ಷತಾ ಕೂತಿದ್ದಳು. ‘ನೀನಿನ್ನು ಆರಾಮಾಗಿ ಸೈಕಲ್ ಮೇಲೆ ಹೋಗು, ಓದಿಕೋ’ ಎಂದೆ. ‘ಆತು’ ಎಂದಳು. ಅವಳ ಮುಖ ಹೇಗಿತ್ತು ಎಂದು ಈಗ ಎಷ್ಟು ನೆನೆದರೂ ನೆನಪಾಗುವುದಿಲ್ಲ. ನಾನು ನೋಡಿಯೇ ಇರಲಿಲ್ಲ ಕಾಣುತ್ತದೆ.

ಮೊದಲ ದಿನ ಅವಳು ಸೈಕಲ್ ಹತ್ತಿ ಬಂದಾಗ ಫೋಟೋ ತೆಗೆದೆ. ‘ಯಶೋಗಾಥೆ’ ಎಂದು ತಲೆಬರಹ ಕೊಟ್ಟು ತಾಲೂಕಿನ ಶಿಕ್ಷಣಾಧಿಕಾರಿ, ಅಂದರೆ ಬಿ.ಇ.ಒ. ಸಾಹೇಬರ ಕಚೇರಿಗೆ ಕಳಿಸಿದೆ. ಸಾಹೇಬರು ಸಭೆಯಲ್ಲಿ ಅದನ್ನು ಎಲ್ಲರಿಗೂ ತೋರಿಸಿ, ಇಂಥವು ಇನ್ನೂ ನಾಲ್ಕು ಬೇಕು ಎಂದರು. ನಾನು ಉಬ್ಬಿಹೋದೆ.

ಆಷಾಢದ ಮಳೆ ಹಿಡಿಯುವ ಹೊತ್ತಿಗೆ ಅಕ್ಷತಾ ವಾರದಲ್ಲಿ ಎರಡು ದಿನ ತಪ್ಪಿಸತೊಡಗಿದಳು. ಆಮೇಲೆ ಮೂರು ದಿನ. ಚೌತಿ ಕಳೆದ ಮೇಲೆ ಬರಲೇ ಇಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಮೊದಲು ತಡವಾಗಿಯಾದರೂ ಒಂದು ದಿನ ತಪ್ಪಿಸದೆ ಬರುತ್ತಿದ್ದವಳು, ಎಲ್ಲ ಅನುಕೂಲ ಆದ ಮೇಲೆ ಬರುವುದಿಲ್ಲ ಎಂದರೆ ಏನು ಅರ್ಥ? ಮಳೆಗೆ ಸೈಕಲ್ ಓಡಿಸಲು ಕಷ್ಟವೇ? ಕೆಲಸಕ್ಕೆ ಹಚ್ಚಿದರೇ? ಯಾರಾದರೂ ಏನಾದರೂ ಅಂದರೇ? ಅಷ್ಟರಲ್ಲಿ ನಮ್ಮ ಪಟ್ಟಿ ಕಾಗದದಿಂದ ಮೊಬೈಲಿಗೆ ಹೋಗಿತ್ತು. ಕಾಗದದಲ್ಲಿ ‘ಇತರೆ’ ಎಂಬ ಒಂದು ಪುಣ್ಯಾತ್ಮ ಕಾಲಂ ಇತ್ತು, ಗೊತ್ತಾಗದ್ದನ್ನೆಲ್ಲ ನಾನು ಅದರಲ್ಲಿ ತುರುಕುತ್ತಿದ್ದೆ. ಮೊಬೈಲಿನಲ್ಲಿ ಅದೂ ಇಲ್ಲ. ದೂರ, ಬಡತನ, ಅನಾರೋಗ್ಯ, ವಲಸೆ, ಇವುಗಳಲ್ಲಿ ಒಂದನ್ನು ಒತ್ತದಿದ್ದರೆ ಅದು ಮುಂದೆ ಹೋಗುವುದೇ ಇಲ್ಲ. ‘ಅನಾರೋಗ್ಯ’ ಒತ್ತಿದೆ. ಸುಳ್ಳೆಂದು ನನಗೆ ಗೊತ್ತಿತ್ತು.

ನಾಲ್ಕೈದು ದಿನ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಅವಳ ಮನೆಗೆ ಹೋದೆ. ಸಾವಿತ್ರಿ ಕೆಲಸಕ್ಕೆ ಹೋಗಿದ್ದಳು. ಅಕ್ಷತಾ ಬಾವಿಕಟ್ಟೆಯ ಹತ್ತಿರ ತಾರಲೆ ಮೀನು ಸ್ವಚ್ಛ ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿ ಕೈ ತೊಳೆದುಕೊಂಡು ಬಂದು ಮಣೆ ಹಾಕಿದಳು. ಈ ಸಲ ಭಾಷಣ ಮಾಡಲಿಲ್ಲ. ಎಷ್ಟು ವರ್ಷದ ಮೇಲೋ, ಒಂದು ಮಗುವನ್ನು ಸುಮ್ಮನೆ ಕೇಳಿದೆ.

‘ಯಾಕೆ ಬರುವುದಿಲ್ಲ ಅಕ್ಷತಾ?’

‘ಗೊತ್ತಿಲ್ಲ ಅಕ್ಕೋರೆ.’

‘ಯಾರಾದರೂ ಬೈದರಾ?’

‘ಇಲ್ಲ.’

‘ಮತ್ತೆ ಎಂತ?’

ಅವಳು ಕಾಲಿನ ಬೆರಳಿನಿಂದ ನೆಲ ಕೆರೆಯುತ್ತ ನಿಂತಳು. ಆಮೇಲೆ ಹೇಳಿದಳು. ‘ಬೆಳಿಗ್ಗೆ ಎದ್ದು ಬೇಲಿ ತನಕ ಬತ್ತೆ. ಕೂ ಹಾಕುಕೆ ಯಾರೂ ಇಲ್ಲ. ಆಟೋ ಹಾರ್ನ್ ಹೊಡಿತದೆ, ಎಲ್ಲರೂ ಹೋಗ್ತ್ರು. ಆಮೇಲೆ ನಂಗೆ ಕಾಲೇ ಮುಂದೆ ಹೋಗುದಿಲ್ಲ.’

‘ಸೈಕಲ್ ಮೇಲೆ ಹತ್ತು ನಿಮಿಷದ ದಾರಿಯಲ್ಲವೇ?’ ಎಂದೆ.

‘ಹತ್ತು ನಿಮಿಷಕ್ಕೆ ಮುಟ್ಟಿ ಎಂತ ಮಾಡುದು ಅಕ್ಕೋರೆ? ಅಲ್ಲಿ ನಂಗೆ ಎಂತ ಬತ್ತದೆ?’

ಶಾಲೆಯಲ್ಲಿ ಅವಳು ಹಿಂದಿನ ಬೆಂಚಿನವಳು, ಗಣಿತ ಬಾರದವಳು, ತಡವಾಗಿ ಬರುವವಳು. ದಾರಿಯಲ್ಲಿ ಮಾತ್ರ ಅವಳದೇ ರಾಜ್ಯಭಾರ. ಆ ದಾರಿಗಾಗಿ ಅವಳು ಶಾಲೆಗೆ ಬರುತ್ತಿದ್ದಳೋ, ಶಾಲೆಗಾಗಿ ದಾರಿ ನಡೆಯುತ್ತಿದ್ದಳೋ, ನನಗೆ ಇವತ್ತಿಗೂ ಸರಿಯಾಗಿ ಬಿಡಿಸಿ ಹೇಳಲು ಆಗುವುದಿಲ್ಲ. ಭಾರ ಎಂದು ನಾನು ಇಳಿಸಿದ್ದು ಅವಳಿಗೆ ಭಾರವಾಗಿರಲಿಲ್ಲ ಎಂಬುದಷ್ಟೇ ತಿಳಿಯಿತು. ಅದನ್ನು ಅವಳಿಗೆ ವಾಪಸ್ ಕೊಡುವ ಹಾಗೂ ಇರಲಿಲ್ಲ. ಆಟೋ ಬಿಟ್ಟು ನಡೆಯಿರಿ ಎಂದರೆ ಆ ಮಕ್ಕಳು ಕೇಳುತ್ತಾರೆಯೇ? ತಾಯಂದಿರು ಕೇಳುತ್ತಾರೆಯೇ? ‘ತಪ್ಪಾಯಿತು ಮಗಾ’ ಎಂದೆ. ಅವಳಿಗೆ ನಾನು ಯಾವ ತಪ್ಪಿನ ಬಗ್ಗೆ ಹೇಳುತ್ತಿದ್ದೇನೆಂದು ತಿಳಿಯಲಿಲ್ಲ. ‘ಚಾ ಮಾಡ್ಲಾ?’ ಎಂದಳು.

ಹೊರಟಾಗ ದಾರಿಯವರೆಗೆ ಬರುತ್ತೇನೆಂದು ಛತ್ರಿ ಹಿಡಿದು ಬಂದಳು. ಹೈವೇಗೆ ಬಂದು ನಿಂತೆವು. ಭಟ್ಕಳದ ಬಸ್ಸು ನಿಲ್ಲುವುದು ಆಚೆ ಬದಿಗೆ. ಆಗಷ್ಟೇ ರಸ್ತೆಯನ್ನು ಚತುಷ್ಪಥ ಮಾಡಿದ್ದರು. ಮೊದಲು ಎರಡು ಹೆಜ್ಜೆಯಲ್ಲಿ ದಾಟುತ್ತಿದ್ದ ರಸ್ತೆ ಈಗ ಮೈದಾನದಷ್ಟು ಅಗಲ, ಮಧ್ಯದಲ್ಲಿ ಕಟ್ಟೆ. ಕೆಲವೇ ದಿನದ ಹಿಂದೆ ಒಂದು ಟ್ರಕ್ಕಿನ ಗಾಳಿಗೆ ನನ್ನ ಛತ್ರಿ ಕಿತ್ತುಹೋಗಿತ್ತು. ಅಂದಿನಿಂದ ಆ ರಸ್ತೆ ದಾಟಲು ಹೆದರುತ್ತಿದ್ದೆ, ಒಂದೊಂದು ದಿನ ಯಾರಾದರೂ ಜೊತೆಗೆ ಸಿಗುವವರೆಗೆ ಕಾಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಅವತ್ತೂ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಆದೆ. ಅಕ್ಷತಾ ನನ್ನ ಮುಖ ನೋಡಿದಳು, ಕಾಲು ನೋಡಿದಳು. ಛತ್ರಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

‘ಈಗ ಬೇಡ... ಈ ಲಾರಿ ಹೋಗ್ಲಿ... ಹಾಂ, ಬನ್ನಿ. ಓಡ್ಬೇಡಿ. ಓಡಿದ್ರೆ ಬೀಳ್ತ್ರಿ.’

ಮಧ್ಯದ ಕಟ್ಟೆಯ ಮೇಲೆ ನಿಲ್ಲಿಸಿ ಉಸಿರು ತೆಗೆದುಕೊಳ್ಳಲು ಹೇಳಿದಳು. ಆಚೆ ಮುಟ್ಟಿಸಿದಳು. ಬಸ್ಸು ಬರುವವರೆಗೆ ನಿಂತಳು. ಹತ್ತುವಾಗ ಕೇಳಿದಳು, ‘ನಾಳಿಗೆ ನೀವು ಬರುದು ಎಷ್ಟು ಗಂಟಿಗೆ?’

ಮರುದಿನ ಬೆಳಿಗ್ಗೆ ಬಸ್ಸಿಳಿದಾಗ ಅವಳು ಸಮವಸ್ತ್ರ ಹಾಕಿಕೊಂಡು ಸೈಕಲ್ ಹಿಡಿದು ನಿಂತಿದ್ದಳು. ಒಂದು ಕೈಯಲ್ಲಿ ಸೈಕಲ್, ಇನ್ನೊಂದು ಕೈಯಲ್ಲಿ ನಾನು. ದಾಟಿಸಿ, ‘ಹೋಗ್ತೆ’ ಎಂದು ಹೈಸ್ಕೂಲಿನ ಕಡೆ ತುಳಿದುಕೊಂಡು ಹೋದಳು. ಅದರ ಮರುದಿನವೂ ಬಂದಳು. ನನಗೆ ದಿನಾ ಆ ಊರಿನಲ್ಲಿ ಕೆಲಸ ಇರುತ್ತಿರಲಿಲ್ಲ, ಎಷ್ಟೋ ದಿನ ಇನ್ನೂ ಮುಂದಿನ ಶಾಲೆಗಳಿಗೆ ಹೋಗಬೇಕಾಗುತ್ತಿತ್ತು. ಆದರೂ ಅಲ್ಲೇ ಇಳಿದು, ದಾಟಿಸಿಕೊಂಡು, ಅವಳು ಕಣ್ಮರೆಯಾದ ಮೇಲೆ ಯಾರನ್ನಾದರೂ ಜೊತೆ ಮಾಡಿಕೊಂಡು ಮತ್ತೆ ಈಚೆ ಬಂದು ಬೇರೆ ಬಸ್ಸು ಹಿಡಿಯುತ್ತಿದ್ದೆ. ಮನೆಯಲ್ಲಿ ಗಂಡ, ‘ಸರಕಾರ ನಿಂಗೆ ಸಂಬಳ ಕೊಡದು ರಸ್ತೆ ದಾಟಲಾ?’ ಎಂದು ಹಾಸ್ಯ ಮಾಡುತ್ತಿದ್ದರು. ಸಾಹೇಬರ ಸಭೆಗೆ ತಡವಾಗಿ ಹೋಗಿ ಬೈಸಿಕೊಂಡೆ. ತಡವಾದದ್ದಕ್ಕೆ ಕಾರಣ ಕೇಳಿದರು. ನನ್ನ ಹತ್ತಿರ ಹೇಳುವಂಥ ಕಾರಣ ಇರಲಿಲ್ಲ.

ದಾರಿಯಲ್ಲಿ ಪಾಠದ ಮಾತು ಎತ್ತಲಿಲ್ಲ. ಮಗ್ಗಿ ಕೇಳಲು ಬಾಯಿ ತುರಿಸುತ್ತಿತ್ತು, ಕುಮಟಾದ ಓಣಿ ನೆನೆದು ಬಾಯಿ ಮುಚ್ಚಿಕೊಂಡೆ. ಅವಳೇ ಮಾತಾಡುತ್ತಿದ್ದಳು. ಯಾವ ಬೋಟಿಗೆ ಎಷ್ಟು ಬಂಗಡೆ ಸಿಕ್ಕಿತು, ಅಪ್ಪ ಯಾವ ಬಂದರಿನಿಂದ ಫೋನ್ ಮಾಡಿದ, ಹೀಗೆ. ದೀಪಾವಳಿ ಕಳೆದ ಮೇಲೆ ಒಂದು ದಿನ, ‘ಅಕ್ಕೋರೆ, ಈ ವೃತ್ತದ ಲೆಕ್ಕ ನಿಮಗೆ ಬತ್ತದ್ಯ?’ ಎಂದು ಕೇಳಿದಳು. ನನಗೆ ಬರುತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವಳಿಗೆ ಅದರಿಂದ ಏನೋ ಸಮಾಧಾನವಾಯಿತು. ಹೆಡ್‌ಮಾಸ್ತರರ ಹತ್ತಿರ ಕೇಳಿ ಕಲಿತು ಬಂದು, ಮರುದಿನ ಮಧ್ಯದ ಕಟ್ಟೆಯ ಮೇಲೆ ನಿಂತುಕೊಂಡು ನನಗೆ ಹೇಳಿಕೊಟ್ಟಳು.

ನಾನು ಅವಳಿಗಾಗಿ ಹೆದರುವ ನಾಟಕ ಆಡುತ್ತಿದ್ದೆನೇ? ಹಾಗೆಂದು ಗಂಡನ ಹತ್ತಿರ ಜಂಬ ಕೊಚ್ಚಿಕೊಂಡದ್ದು ಹೌದು. ಆದರೆ ಅವಳ ಕೈ ಇಲ್ಲದೆ ರಸ್ತೆ ಕಂಡರೆ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು. ಯಾರು ಯಾರನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ನನಗೇ ಸ್ಪಷ್ಟ ಇರಲಿಲ್ಲ. ಒಂದು ಮಾತ್ರ ಗೊತ್ತಿತ್ತು. ನಾನು ಒಂದು ದಿನ ತಪ್ಪಿಸಿದರೆ ಅವಳೂ ತಪ್ಪಿಸುತ್ತಾಳೆ. ಒಮ್ಮೆ ಜ್ವರ ಬಂದು ಎರಡು ದಿನ ಮಲಗಿದ್ದಾಗ ಹಾಗೇ ಆಗಿತ್ತು. ಪರೀಕ್ಷೆ ಹತ್ತಿರ ಬಂದಂತೆ ಅದೇ ಹೆದರಿಕೆ ನನ್ನನ್ನು ತಿನ್ನತೊಡಗಿತು. ಪರೀಕ್ಷೆಯ ಕೇಂದ್ರ ಹೊನ್ನಾವರದಲ್ಲಿ. ಒಂದು ದಿನ ಕಾಲು ಮುಂದೆ ಹೋಗದಿದ್ದರೆ ಮೂರು ವರ್ಷ ನಡೆದದ್ದೆಲ್ಲ ನೀರಿನಲ್ಲಿ ಹೋಗುತ್ತದೆ.

ಪರೀಕ್ಷೆಯ ಮೊದಲ ದಿನ ಮಕ್ಕಳೆಲ್ಲ ಎಂಟೂವರೆಗೆ ಹೈಸ್ಕೂಲಿನಲ್ಲಿ ಸೇರಬೇಕು, ಅಲ್ಲಿಂದ ಟೆಂಪೋದಲ್ಲಿ ಹೊನ್ನಾವರಕ್ಕೆ ಎಂದು ಹೆಡ್‌ಮಾಸ್ತರರು ವ್ಯವಸ್ಥೆ ಮಾಡಿದ್ದರು. ನಾನು ಎಂಟಕ್ಕೆ ಮೊದಲೇ ಬಂದು ಇಳಿದೆ. ಅಕ್ಷತಾ ಇರಲಿಲ್ಲ. ಎಂಟಾಯಿತು. ಎಂಟು ಕಾಲಾಯಿತು. ಮಣ್ಣಿನ ದಾರಿಯಲ್ಲಿ ಆಟೋ ಬಂತು, ಸಣ್ಣ ಮಕ್ಕಳು ಕೈ ಬೀಸಿದರು, ಹೋದರು. ಸಾವಿತ್ರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮನೆಗೆ ಹೋಗಿ ಎಳೆದು ತರೋಣವೆಂದರೆ ಹೋಗಿ ಬರುವಷ್ಟರಲ್ಲಿ ಟೆಂಪೋ ಹೊರಡುತ್ತದೆ. ಟೆಂಪೋವನ್ನು ನಿಲ್ಲಿಸಬೇಕು, ಹೆಡ್‌ಮಾಸ್ತರರ ಬೈಕಿನಲ್ಲಿ ಯಾರನ್ನಾದರೂ ಅವಳ ಮನೆಗೆ ಓಡಿಸಬೇಕು ಎಂದಷ್ಟೇ ತಲೆಯಲ್ಲಿತ್ತು. ಅಳು ಬರುತ್ತಿತ್ತು. ದೇವರೇ, ಇದೊಂದು ದಿನ ಇವಳನ್ನು ಹೊರಡಿಸು ಎಂದುಕೊಳ್ಳುತ್ತ ಸೆರಗು ಸಿಕ್ಕಿಸಿಕೊಂಡು ಹೊರಟೆ.

ಹೈಸ್ಕೂಲಿನ ಅಂಗಳ ಮುಟ್ಟಿದಾಗ ಟೆಂಪೋದಲ್ಲಿ ಮಕ್ಕಳು ಹತ್ತಿ ಕೂತಿದ್ದರು. ‘ಅಕ್ಷತಾ ಬಂದಿಲ್ಲ ಸರ್, ಗಾಡಿ ಬಿಡಬೇಡಿ’ ಎಂದು ಏದುಸಿರಿನಲ್ಲಿ ಕೂಗಿದೆ.

ಹೆಡ್‌ಮಾಸ್ತರರಿಗೆ ಆಶ್ಚರ್ಯ. ‘ಅವಳು ಆಗಲೇ ಹೋದಳಲ್ಲ ಮೇಡಂ. ಏಳು ಗಂಟೆಗೇ ಇಲ್ಲಿಗೆ ಬಂದು ಹೇಳಿ, ಸೈಕಲ್ ಮೇಲೆ ಒಬ್ಬಳೇ ಹೋದಳು. ನಾನು ಬೇಡ ಅಂದೆ, ಕೇಳಲಿಲ್ಲ. ಕೇಂದ್ರಕ್ಕೆ ಮುಟ್ಟಿದಳು ಅಂತ ಅಲ್ಲಿಂದ ಈಗಷ್ಟೇ ಫೋನ್ ಬಂತು. ನಿಮಗೆ ಹೇಳಿರಲಿಲ್ಲವಾ?’

ಇಲ್ಲವೆಂದು ತಲೆಯಾಡಿಸಿದೆ. ಆಗ ಅವರಿಗೆ ನೆನಪಾಯಿತು.

‘ಹಾಂ, ನಿಮಗೊಂದು ಮಾತು ಹೇಳಿ ಹೋಗಿದ್ದಾಳೆ. ನಾನು ಕೇಳಿದೆ, ಮೇಡಂ ಅಲ್ಲಿ ಕಾಯುತ್ತಾರಲ್ಲ, ದಾಟಿಸುವವರು ಯಾರು ಅಂತ. ಅದಕ್ಕೆ ಅವಳು, ಅಕ್ಕೋರಿಗೆ ಈಗ ದಾಟುಕೆ ಬತ್ತದೆ ಸರ್, ಒಂದು ತಿಂಗಳಾತು ನಾನು ಅವ್ರ ಕೈ ಹಿಡಿದೇ ಇಲ್ಲ, ಅವ್ರಿಗೆ ಗೊತ್ತೇ ಆಗ್ಲಿಲ್ಲ ಅಂದಳು.’

ತಿರುಗಿ ನೋಡಿದೆ. ಗೇಟಿನ ಆಚೆ ಹೈವೇಯ ಎರಡೂ ಕಡೆ ಲಾರಿಗಳು ಹೋಗುತ್ತಿದ್ದವು. ನಾನು ಅದನ್ನು ಯಾವಾಗ ದಾಟಿದೆ, ಮಧ್ಯದ ಕಟ್ಟೆಯಲ್ಲಿ ನಿಂತೆನೋ ಇಲ್ಲವೋ, ಒಂದೂ ನೆನಪಿರಲಿಲ್ಲ. ಅವಳು ಗಣಿತಕ್ಕೆ ಎರಡನೆಯ ಸಲ ಕೂತು ಪಾಸಾದದ್ದು ಆಮೇಲಿನ ಸುದ್ದಿ. ಅವತ್ತು ಹೆಡ್‌ಮಾಸ್ತರರು ಕುರ್ಚಿ ತಂದು ಹಾಕಿ, ನೀರು ಕೊಟ್ಟು, ‘ಒಬ್ಬರೇ ಬಂದಿರಾ ಮೇಡಂ?’ ಎಂದು ಕೇಳಿದರು. ‘ಹೌದು ಸರ್, ಒಬ್ಬಳೇ ಬಂದೆ’ ಎಂದೆ. ಆಮೇಲೆ ಆ ಮಕ್ಕಳೆಲ್ಲರ ಎದುರು ಅತ್ತುಬಿಟ್ಟೆ.